ಕೆಂಡೊ ಕತಾ, ಮೊದಲನೆಯ ವರಸೆ: ಜೋಡಿ ಕತ್ತಿ ಇಳಿಸುವ ಮುಂಚೆಯೇ ನಾನು ಸರಿದುಬಿಡುತ್ತೇನೆ

ಹಾಸನ_ನಗೋಯಾ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು, ಕೆಲಸದ ಮೇಲೆ ನಗೋಯಾದಲ್ಲಿದ್ದೇನೆ. ಮನೆ ಹತ್ತಿರದ ವ್ಯಾಯಾಮ ಮಂದಿರದಲ್ಲಿ ವಾರಕ್ಕೆ ಎರಡು ಸಂಜೆ ಕೆಂಡೊ, ಅಂದರೆ ಜಪಾನಿ ಕತ್ತಿವರಸೆ ಕಲಿಯುತ್ತಿದ್ದೇನೆ, ಎರಡು ವರ್ಷವಾಯಿತು. ಶೋದಾನ್, ಅಂದರೆ ಮೊದಲನೇ ದಾನ್ ದರ್ಜೆಯ ಪರೀಕ್ಷೆ ಹತ್ತಿರ ಬಂದಿದೆ. ಬಿದಿರಿನ ಶಿನಾಯಿ ಹಿಡಿದು ಆಡುವ ಭಾಗದ ಬಗ್ಗೆ ಅಷ್ಟು ಚಿಂತೆಯಿಲ್ಲ. ಮರದ ಕತ್ತಿ, ಅಂದರೆ ಬೊಕುತೊ ಹಿಡಿದು ಇಬ್ಬರು ಮಾಡುವ ನಿಗದಿತ ವರಸೆ, ಕತಾದಲ್ಲಿ ಸಿಕ್ಕಿಕೊಂಡಿದ್ದೇನೆ. ಅದೂ ಹತ್ತರಲ್ಲಿ ಮೊದಲನೆಯದರಲ್ಲೇ.

ಮಾಡದೇ ಇರುವವರಿಗಾಗಿ ಎರಡು ಮಾತು. ಇಬ್ಬರೂ ಕತ್ತಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲುತ್ತೇವೆ. ಹಿರಿಯರಾದ ಉಚಿದಾಚಿಯ ಎಡಗಾಲು ಮುಂದೆ, ಕಿರಿಯನಾದ ಶಿದಾಚಿಯ ಬಲಗಾಲು ಮುಂದೆ. ಮೂರು ಹೆಜ್ಜೆ ಹತ್ತಿರ ಬರುತ್ತೇವೆ. ಉಚಿದಾಚಿ ಸಮಯ ನೋಡಿ 'ಯಾ' ಎಂದು ನೇರ ತಲೆಗೆ ಕಡಿಯುತ್ತಾರೆ. ಶಿದಾಚಿ ಕೈ, ಕತ್ತಿ ಸಮೇತ ಮೈಯನ್ನು ಹಿಂದಕ್ಕೆಳೆದುಕೊಂಡು ಆ ಏಟನ್ನು ಗಾಳಿಗೆ ಬಿಡಬೇಕು. ಬಿಟ್ಟ ಕೂಡಲೇ ಮುಂದೆ ಬಂದು 'ತೊ' ಎಂದು ಅವರ ತಲೆಗೆ ಕಡಿಯಬೇಕು. ಇಷ್ಟೇ.

ನನ್ನ ಜೋಡಿ ಒಬ್ಬ ನಿವೃತ್ತ ಮೇಷ್ಟ್ರು, ವಯಸ್ಸು ಅರವತ್ತೆಂಟು. ಅವರ ಕತ್ತಿ ಅಲುಗಾಡುವ ಮುಂಚೆಯೇ ನಾನು ಹಿಂದೆ ಸರಿದಿರುತ್ತೇನೆ. ಮೂರನೇ ಹೆಜ್ಜೆ ಊರಿತು, ಮನಸ್ಸಿನಲ್ಲೇ ಒಂದು ಎಣಿಸಿದೆ, ಸರಿದೆ. ಚಿಕ್ಕಂದಿನಲ್ಲಿ ಊರಿನ ಕೋಲಾಟದ ತಂಡದಲ್ಲಿದ್ದೆ. ಪದ ಯಾವಾಗ ತಿರುಗುತ್ತದೆ, ಎದುರಿನ ಕೋಲು ಎಲ್ಲಿ ಸಿಗುತ್ತದೆ ಎಂಬುದು ಕಾಲಿಗೇ ಗೊತ್ತಿರುತ್ತಿತ್ತು. ಇಲ್ಲಿಯೂ ಕಾಲು ಅದನ್ನೇ ಮಾಡುತ್ತಿದೆ. ನಮ್ಮ ಸೆನ್ಸೇ, ಅಂದರೆ ಗುರುಗಳು, ಹೋದ ವಾರ ಹೇಳಿದರು: 'ನೀನು ಅವರನ್ನು ನೋಡುತ್ತಿಲ್ಲ, ನಿನ್ನ ನೆನಪನ್ನು ನೋಡುತ್ತಿದ್ದೀಯ.' ಮಾತು ಅರ್ಥವಾಯಿತು, ಮೈಗೆ ಹತ್ತಲಿಲ್ಲ. ಏನು ಬರುತ್ತದೆಂದು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕಾಯುವುದು ಹೇಗೆ?

ಹಳೇ_ಹಕಮಾ ಬರೆದದ್ದು:

ಹಾಸನದವರೇ, ಒಸಾಕದಲ್ಲಿ ಹತ್ತೊಂಬತ್ತು ವರ್ಷದಿಂದ ಆಡುತ್ತಿದ್ದೇನೆ, ಈ ಮೊದಲನೆಯ ಕತಾ ನನಗೂ ಬಹಳ ಕಾಡಿದೆ. ನಿಮ್ಮ ಪ್ರಶ್ನೆಯಲ್ಲಿ ತಪ್ಪೆಲ್ಲ ನಿಮ್ಮದೇ ಎಂಬ ಹಾಗಿದೆ. ಶಿದಾಚಿ ಬೇಗ ಸರಿಯುತ್ತಾನೆ ಎಂದರೆ ಮೊದಲು ಉಚಿದಾಚಿಯನ್ನು ನೋಡಬೇಕು ಎಂದು ನನಗೆ ಕಲಿಸಿದವರು ಹೇಳುತ್ತಿದ್ದರು.

ಒಂದು ಪರೀಕ್ಷೆ ಮಾಡಿ. ಮೇಷ್ಟ್ರ ಹತ್ತಿರ ವಿನಯದಿಂದ ಕೇಳಿಕೊಳ್ಳಿ, ಬೇರೆ ಏನೂ ಬೇಡ, ಮೂರು ಹೆಜ್ಜೆ ಬಂದು ನಿಧಾನವಾಗಿ ಕತ್ತಿ ಇಳಿಸಿ ನನ್ನ ತಲೆಯ ಮೇಲೆ ನಿಲ್ಲಿಸಿ ಎಂದು. ನೀವು ಸರಿಯಬೇಡಿ. ಕತ್ತಿಯ ತುದಿಯಿಂದ ಒಂದು ಗೇಣಿನಷ್ಟು ಭಾಗ, ಕಡಿಯುವ ಜಾಗ, ಅದಕ್ಕೆ ಮೊನೊಉಚಿ ಅನ್ನುತ್ತಾರೆ, ಅದು ನಿಮ್ಮ ನೆತ್ತಿಯ ಮೇಲೆ ಬಂದು ನಿಲ್ಲಬೇಕು. ಹತ್ತಕ್ಕೆ ಎಂಟು ಜೋಡಿಗಳಲ್ಲಿ ಅದು ಮೂಗಿನ ಮುಂದೆ ಗಾಳಿಯಲ್ಲಿ ನಿಂತಿರುವುದನ್ನು ನೋಡಿದ್ದೇನೆ. ಅಂದರೆ ನೀವು ಸರಿಯದಿದ್ದರೂ ಏಟು ಬೀಳುತ್ತಿರಲಿಲ್ಲ. ಬೀಳದ ಏಟಿಗೆ ಮೈ ಯಾಕೆ ಕಾಯುತ್ತದೆ? ಅದಕ್ಕೆ ಕಾಯುವುದಕ್ಕೆ ಏನೂ ಇರುವುದಿಲ್ಲ, ಎಣಿಕೆಯೊಂದೇ ಉಳಿಯುತ್ತದೆ.

ಇಲ್ಲಿ ಉಚಿದಾಚಿ ಶಿದಾಚಿಯ ಹಿಡಿಯನ್ನೂ ಸೇರಿಸಿ ಕಡಿದು ಇಳಿಸುತ್ತೇನೆ ಎಂಬ ಮನಸ್ಸಿನಿಂದ ಬೀಸಬೇಕು. ತಲೆಯ ಮೇಲೆತ್ತಿದ ನಿಮ್ಮ ಕೈಗಳು ಅವರ ಕತ್ತಿಯ ದಾರಿಯಲ್ಲೇ ಇವೆಯಲ್ಲ, ಅವನ್ನೂ ಬಿಡುವುದಿಲ್ಲ ಅಂತ. ಅದಕ್ಕೇ ನಿಮ್ಮ ಕಾಲು ಮಾತ್ರ ಹಿಂದೆ ಹೋದರೆ ಸಾಲದು, ಕೈಗಳೂ ಕತ್ತಿಯ ಓರೆಯ ಗುಂಟ ಹಿಂದಕ್ಕೆ ಹೋಗಬೇಕು. ಅಂಥ ಏಟು ನಿಜವಾಗಿ ಬಂದರೆ ನೋಡದೆ ಇರಲು ಸಾಧ್ಯವೇ ಇಲ್ಲ.

ಜಯನಗರ_ಜೂಡೊ ಬರೆದದ್ದು:

ನಾನು ಕತ್ತಿಯವನಲ್ಲ, ಬೆಂಗಳೂರಿನಲ್ಲಿ ಜೂಡೊ ಮಾಡುತ್ತೇನೆ. ಬೇಸರ ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿರುವುದನ್ನು ಕೇಳುತ್ತೇನೆ. ಮುಂಚೆಯೇ ಗೊತ್ತಿರುವ ಏಟು, ಮುಂಚೆಯೇ ಗೊತ್ತಿರುವ ಉತ್ತರ, ಗೆಲ್ಲುವವನು ಯಾರು ಎಂಬುದೂ ಗೊತ್ತು. ರಕ್ಷಾಕವಚ ತೊಟ್ಟು ಶಿನಾಯಿ ಹಿಡಿದು ಮನಸೋ ಇಚ್ಛೆ ಆಡುವಾಗ ಸಿಗದೇ ಇರುವುದು ಇದರಲ್ಲಿ ಏನು ಸಿಗುತ್ತದೆ? ನಮ್ಮಲ್ಲೂ ಕತಾ ಇದೆ, ಪರೀಕ್ಷೆಗೆ ಎಂದೇ ಕಲಿತು ಮರೆಯುವವರೇ ಹೆಚ್ಚು.

ಕ್ಯೋತೋ_ಓದುಗ ಬರೆದದ್ದು:

ಜೂಡೊ ಮಿತ್ರರ ಪ್ರಶ್ನೆ ಹೊಸದಲ್ಲ, ಜಪಾನಿನಲ್ಲೇ ಎದ್ದಿದ್ದ ಪ್ರಶ್ನೆ. ಸ್ವಲ್ಪ ಹಿಂದಿನದನ್ನು ಹೇಳಿದರೆ ಸಹಾಯವಾಗಬಹುದು.

ಹದಿನೆಂಟನೇ ಶತಮಾನದ ಮೊದಲವರೆಗೆ ಕತ್ತಿ ಕಲಿಕೆಯೆಂದರೆ ಮುಖ್ಯವಾಗಿ ಜೋಡಿ ವರಸೆಯೇ. ಮುಖಕವಚ, ಕೈಕವಚ, ಬಿದಿರಿನ ಕತ್ತಿ ಸುಧಾರಿಸಿದ ಮೇಲೆ ಪೂರ್ತಿ ಬಲದಿಂದ ಹೊಡೆದಾಡುವ ಅಭ್ಯಾಸ ಹರಡಿತು. 1876ರಲ್ಲಿ ಮೇಜಿ ಸರ್ಕಾರ ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. 1895ರಲ್ಲಿ ಇಲ್ಲಿ ಕ್ಯೋತೋದಲ್ಲಿ ದಾಯ್ ನಿಪ್ಪೊನ್ ಬುತೊಕುಕಾಯಿ ಎಂಬ ಯುದ್ಧಕಲೆಗಳ ಸಂಸ್ಥೆ ಸ್ಥಾಪನೆಯಾಯಿತು. ನಾನಾ ಪರಂಪರೆಗಳ ಕತ್ತಿಗಾರರು ಒಂದೇ ಸೂರಿನಡಿ ಬಂದರು. ಒಬ್ಬರ ವರಸೆ ಇನ್ನೊಬ್ಬರಿಗೆ ಗೊತ್ತಿಲ್ಲ. 1906ರಲ್ಲಿ ಸಂಸ್ಥೆ ಮೂರು ವರಸೆಗಳ ಒಂದು ಕತಾ ಹೊರತಂದಿತು, ಅದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1911ರಲ್ಲಿ ಕತ್ತಿಗಾರಿಕೆ ಮಾಧ್ಯಮಿಕ ಶಾಲೆಗಳ ಪಾಠಕ್ಕೆ ಸೇರಿದಾಗ ದೇಶಕ್ಕೆಲ್ಲ ಒಂದೇ ಕತಾ ಬೇಕೇಬೇಕಾಯಿತು. 25 ಮಂದಿಯ ಸಮಿತಿ ಕೂತಿತು. ಅದರಲ್ಲಿ ಐವರು ಮುಖ್ಯರು: ನೆಗಿಶಿ ಶಿಂಗೊರೊ, ತ್ಸುಜಿ ಶಿಂಪೇ, ನಾಯ್ತೊ ತಕಹಾರು, ಮೊನ್ನಾ ತದಾಶಿ, ತಕಾನೊ ಸಸಾಬುರೊ. 1912ರಲ್ಲಿ ಇವತ್ತಿನ ಹತ್ತು ವರಸೆಗಳು ಸಿದ್ಧವಾದವು. ಏಳರಲ್ಲಿ ಇಬ್ಬರಿಗೂ ಉದ್ದ ಕತ್ತಿ, ಕೊನೆಯ ಮೂರರಲ್ಲಿ ಶಿದಾಚಿಗೆ ಗಿಡ್ಡ ಕತ್ತಿ.

ಇಲ್ಲಿ ನನಗೆ ಮುಖ್ಯವೆನಿಸುವುದು ಒಂದೇ. ಇದನ್ನು ಕಟ್ಟಿದವರು ಕವಚ ತೊಟ್ಟು ಆಡುವುದನ್ನು ಅರಿಯದವರಲ್ಲ, ಅದರಲ್ಲಿ ಹೆಸರು ಮಾಡಿದವರು. ಬಿದಿರು ಹಗುರ, ಉರುಟು. ಅದರಲ್ಲಿ ಅಲಗಿನ ದಿಕ್ಕು ಮರೆತುಹೋಗುತ್ತದೆ, ತಗುಲಿದರೆ ಸಾಕು ಎಂಬ ಅಭ್ಯಾಸ ಬೆಳೆಯುತ್ತದೆ. ಅಲಗು, ಬೆನ್ನು, ಪಕ್ಕದ ಏಣು ಇರುವ ಮರದ ಕತ್ತಿ ಅದನ್ನು ನೆನಪಿಸುತ್ತದೆ.

ಯಾರಾದರೂ ಮೇ ಮೊದಲ ವಾರ ಕ್ಯೋತೋಗೆ ಬಂದರೆ ಆ ಸಂಸ್ಥೆ ಕಟ್ಟಿಸಿದ ಅಭ್ಯಾಸ ಮಂದಿರ ಬುತೊಕುದೆನ್‌ಗೆ ಹೋಗಿ. 1899ರ ಮರದ ಕಟ್ಟಡ, ಹೇಆನ್ ದೇಗುಲದ ಪಕ್ಕದಲ್ಲೇ. ಅಲ್ಲಿ ಹಿರಿಯರು ಕತಾ ಮಾಡುವಾಗ ನೆಲದ ಹಲಗೆಯ ಸದ್ದೂ ಕೇಳಿಸುವಷ್ಟು ಮೌನವಿರುತ್ತದೆ.

ಹಳೇ_ಹಕಮಾ ಬರೆದದ್ದು:

ಓದುಗರ ಮಾತಿಗೆ ಒಂದು ಸೇರಿಸುತ್ತೇನೆ. ಜೂಡೊ ಸರ್, ಕವಚ ತೊಟ್ಟು ಆಡುವಾಗ ನಾನು ಏಟು ತಿಂದರೆ ತಲೆಯಲ್ಲಿ 'ಟಣ್' ಎನ್ನುತ್ತದೆ, ಮತ್ತೆ ಶುರು. ನನ್ನ ಭಯ ಎಲ್ಲಿದೆ, ಅದು ನನ್ನ ಕಾಲನ್ನು ಯಾವ ಕ್ಷಣದಲ್ಲಿ ಎಳೆಯುತ್ತದೆ ಎಂದು ಗಮನಿಸಲು ಪುರುಸೊತ್ತೇ ಇರುವುದಿಲ್ಲ. ಕತಾದಲ್ಲಿ ಯೋಚನೆಗೆ ಉಳಿಯುವುದು ಒಂದೇ ವಿಷಯ: ಅವರು ಹೊರಟರಾ, ಇಲ್ಲವಾ? ಹಾಸನದವರು ಕೇಳುತ್ತಿರುವುದೂ ಇದನ್ನೇ. ಹೊಡೆದಾಟದಲ್ಲಿ ಇಂಥ ಪ್ರಶ್ನೆ ಯಾರಿಗೂ ಹುಟ್ಟುವುದಿಲ್ಲ.

ತುಂಗಾತೀರ ಬರೆದದ್ದು:

ನಾನು ತೋಕ್ಯೋದಲ್ಲಿದ್ದೇನೆ, ನಿದಾನ್, ಅಂದರೆ ಎರಡನೇ ದಾನ್. ಎತ್ತರ ಐದಡಿಗೆ ಒಂದಂಗುಲ ಕಡಿಮೆ. ನನ್ನ ಜೋಡಿ ಆರಡಿಯವರು. ಹಕಮಾ ಸರ್ ಹೇಳಿದ ಪರೀಕ್ಷೆಯನ್ನು ನಾವೂ ಮಾಡಿದ್ದೆವು. ನಮ್ಮದು ಉಲ್ಟಾ: ಅವರ ಕತ್ತಿ ನನ್ನ ತಲೆ ದಾಟಿ ಬೆನ್ನ ಹಿಂದಿತ್ತು. ಅಷ್ಟು ಹತ್ತಿರ ಬಂದರೆ ನಾನು ಬೇಗ ಓಡದೆ ಇನ್ನೇನು ಮಾಡಲಿ?

ಆಮೇಲೆ ಅರ್ಥವಾದದ್ದು, ಮೂರು ಹೆಜ್ಜೆ ಎಂದರೆ ಅಳತೆ ಮಾಡಿದ ಹೆಜ್ಜೆಯಲ್ಲ. ಒಂದೇ ಹೆಜ್ಜೆಯಲ್ಲಿ ಮುಟ್ಟಬಹುದಾದ ಅಂತರಕ್ಕೆ ಬಂದು ನಿಲ್ಲಬೇಕು, ಅಂತರ ತೀರ್ಮಾನಿಸುವ ಹೊಣೆ ಉಚಿದಾಚಿಯದು. ಈಗ ಅವರು ತಮ್ಮ ಹೆಜ್ಜೆ ಕಿರಿದು ಮಾಡುತ್ತಾರೆ, ನಾನು ನನ್ನದನ್ನು ಹಿಗ್ಗಿಸುವುದಿಲ್ಲ. ಕತಾ ಮುಗಿಸಿ ಐದು ಪುಟ್ಟ ಹೆಜ್ಜೆ ಹಿಂದೆ ಹೋಗುವಾಗಲೂ ಹಾಗೇ. ಮುಂಚೆ ಪ್ರತಿ ವರಸೆಗೂ ನಾವು ಒಂದೊಂದು ಅಡಿ ಕಿಟಕಿಯ ಕಡೆ ಜರುಗುತ್ತಿದ್ದೆವು.

ಕಣ್ಣಿನ ಬಗ್ಗೆಯೂ ಹೇಳಬೇಕು. ನಾನು ಅವರ ಮುಂಗೈಯನ್ನೇ ದಿಟ್ಟಿಸುತ್ತಿದ್ದೆ. ಕೈ ನೋಡಿದರೆ ಕೈ ಮೋಸ ಮಾಡುತ್ತದೆ, ಸ್ವಲ್ಪ ನಡುಗಿದರೂ ಸಾಕು, ನಾನು ಸರಿದಿರುತ್ತಿದ್ದೆ. ಇಲ್ಲಿ 'ಎನ್‌ಜಾನ್ ನೊ ಮೆತ್ಸುಕೆ' ಎನ್ನುತ್ತಾರೆ, ದೂರದ ಬೆಟ್ಟ ನೋಡುವ ಹಾಗೆ ನೋಡುವುದು. ನಮಗೆ ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ ಎಂದು ಹಿರಿಯರು ಹೇಳಿದ್ದು ಬೇರೆ ಅರ್ಥದಲ್ಲಿ, ಆದರೆ ಇಲ್ಲಿ ಬೇಕಾದದ್ದು ಆ ನುಣುಪೇ. ಮರ, ಕಲ್ಲು ಬಿಡಿಬಿಡಿಯಾಗಿ ಕಾಣಬಾರದು, ಇಡೀ ಬೆಟ್ಟ ಕಾಣಬೇಕು. ಅವರ ಮುಖದ ಕಡೆ ಕಣ್ಣಿಟ್ಟು ಹೆಗಲು, ಸೊಂಟ, ಕಾಲು ಎಲ್ಲವೂ ಒಟ್ಟಿಗೆ ಕಾಣುವಂತೆ ಬಿಟ್ಟರೆ, ಕತ್ತಿ ಕದಲುವ ಮೊದಲೇ ಮೈ ಹೊರಟಿದ್ದು ತಿಳಿಯುತ್ತದೆ. ನನಗೆ ಇದು ಬರಲು ಒಂದು ಚಳಿಗಾಲ ಪೂರ್ತಿ ಬೇಕಾಯಿತು.

ಮಡಿಕೇರಿ_ಚಿಬಾ ಬರೆದದ್ದು:

ನಾನು ಕೆಂಡೊ ಬಿಟ್ಟು ಈಗ ಹಳೆಯ ಪರಂಪರೆಯೊಂದರಲ್ಲಿ ಕಲಿಯುತ್ತಿದ್ದೇನೆ. ಈ ಪ್ರಶ್ನೆಗೆ ಹಳಬರು ಉಪಕರಣದಲ್ಲೇ ಉತ್ತರ ಹುಡುಕಿದ್ದಾರೆ. ಒನೊ-ಹಾ ಇತ್ತೊ-ರ್‍ಯೂದಲ್ಲಿ ಏಟು ತಿನ್ನುವ ಹಿರಿಯರು ಒನಿಗೊತೆ ಎಂಬ ದಪ್ಪ ಕೈಗವಸು ತೊಡುತ್ತಾರೆ. ಕಲಿಯುವವನು ಅದರ ಮೇಲೆ ಮರದ ಕತ್ತಿಯಿಂದಲೇ ಹೊಡೆಯಬಹುದು. ಯಾಗ್ಯೂ ಶಿಂಕಾಗೆ-ರ್‍ಯೂದಲ್ಲಿ ಸೀಳಿದ ಬಿದಿರನ್ನು ತೊಗಲಿನ ಚೀಲಕ್ಕೆ ತುಂಬಿದ ಫುಕುರೊ-ಶಿನಾಯಿ. ಅದನ್ನು ತಂದವರು ಹದಿನಾರನೇ ಶತಮಾನದ ಕಾಮಿಇಜುಮಿ ನೊಬುತ್ಸುನಾ ಎಂದು ಪರಂಪರೆ ಹೇಳುತ್ತದೆ. ಹಿರಿಯರು ಏಟನ್ನು ತಡೆಹಿಡಿಯದೆ ಬೀಸಬಹುದು, ಕಿರಿಯ ತಡಮಾಡಿದರೆ ತಲೆಗೆ ನಿಜವಾಗಿ ಬೀಳುತ್ತದೆ, ಗಾಯವಾಗುವುದಿಲ್ಲ.

ಕತಾದಲ್ಲಿ ಇರುವುದು ಹುಸಿ ಯುದ್ಧ ಎಂದು ನನಗೆ ಯಾವತ್ತೂ ಅನಿಸಿಲ್ಲ. ನಮ್ಮ ಕೊಡಗಿನಲ್ಲಿ ಪರೆಯ ಕಳಿ ಇದೆ. ಗುರಾಣಿ, ಬೆತ್ತ ಹಿಡಿದು ಇಬ್ಬರು ಇಳಿಯುತ್ತಾರೆ, ಮೊಣಕಾಲ ಕೆಳಗೆ ಮಾತ್ರ ಹೊಡೆಯಬೇಕು. ಎಲ್ಲಿಗೆ ಏಟು ಬರುತ್ತದೆಂದು ಊರಿಗೆಲ್ಲ ಗೊತ್ತು. ಆದರೂ ಬೆತ್ತ ಮೀನಖಂಡಕ್ಕೆ ಬಿದ್ದಾಗ ಉರಿಯೇನೂ ಕಡಿಮೆಯಾಗುವುದಿಲ್ಲ.

ಹಾಸನದವರೇ, ನಿಮ್ಮ ಸೆನ್ಸೇ ಒಪ್ಪಿದರೆ ಮಾತ್ರ ಒಂದು ದಿನ ಮುಖಕವಚ ತೊಟ್ಟು, ಬೊಕುತೊ ಬದಲು ಇಬ್ಬರೂ ಶಿನಾಯಿ ಹಿಡಿದು ಮೊದಲನೆಯ ಕತಾ ಮಾಡಿ. ಮೇಷ್ಟ್ರು ನಿಲ್ಲಿಸದೆ ಕಡಿಯಲಿ.

ಕೊತೆ_ನೋವು ಬರೆದದ್ದು:

ನಿಲ್ಲಿಸದೆ ಕಡಿಯಿರಿ ಎಂಬ ಮಾತು ಓದಿ ಬರೆಯಲೇಬೇಕೆನಿಸಿತು. ಮಡಿಕೇರಿಯವರು ಕವಚ, ಶಿನಾಯಿ ಎಂದು ಸರಿಯಾಗಿಯೇ ಹೇಳಿದ್ದಾರೆ. ಅದನ್ನು ಬಿಟ್ಟು ಯಾರೂ ಬೊಕುತೊದಲ್ಲಿ ಪ್ರಯತ್ನಿಸಬೇಡಿ.

ನಾಲ್ಕು ವರ್ಷದ ಹಿಂದೆ ಎರಡನೆಯ ಕತಾದಲ್ಲಿ ನಾನು ಉಚಿದಾಚಿ. ಅದರಲ್ಲಿ ನಾನು ಎದುರಿನವರ ಬಲ ಮುಂಗೈಗೆ ಕಡಿಯಬೇಕು. ಅವರು ಎಡ ಹಿಂದಕ್ಕೆ ಓರೆಯಾಗಿ ಸರಿದು, ಕತ್ತಿಯನ್ನು ನನ್ನ ಕತ್ತಿಯ ಕೆಳಗೆ ತಂದು ತಪ್ಪಿಸಿ, ನನ್ನ ಬಲ ಮುಂಗೈಗೆ ಕಡಿದು ಚರ್ಮದ ಹತ್ತಿರ ನಿಲ್ಲಿಸಬೇಕು. ಅಂದು ಹುರುಪಿನಲ್ಲಿ ನಾನು ಮೈಯನ್ನೂ ಮುಂದಕ್ಕೆ ಚೆಲ್ಲಿದೆ. ನನ್ನ ಕೈ ಇರಬೇಕಾದ ಜಾಗಕ್ಕಿಂತ ಒಂದು ಗೇಣು ಮುಂದಿತ್ತು. ಅವರು ನಿಲ್ಲಿಸಿದ್ದು ಸರಿಯಾದ ಜಾಗದಲ್ಲೇ, ನನ್ನ ಮೂಳೆ ಅಲ್ಲಿಗೆ ಹೋಗಿತ್ತು. ಬಿರುಕು ಬಿಟ್ಟಿತು. ಎರಡು ತಿಂಗಳು ಬಲಗೈಯಲ್ಲಿ ಅನ್ನ ಕಲಸಲಿಲ್ಲ. ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅವರ ಮುಖ. ಅವರ ತಪ್ಪು ಏನೂ ಇರಲಿಲ್ಲ, ಆದರೂ ಆಮೇಲೆ ಆರು ತಿಂಗಳು ನನ್ನ ಮುಂದೆ ಅವರ ಕತ್ತಿ ಹಿಂಜರಿಯುತ್ತಿತ್ತು.

ನಿಜವಾಗಿ ಕಡಿಯುವುದು ಬೇರೆ, ಮೈ ಚೆಲ್ಲುವುದು ಬೇರೆ. ಸೊಂಟ ನೆಟ್ಟಗಿದ್ದು ಕಡಿದರೆ ಎಷ್ಟು ವೇಗವಿದ್ದರೂ ಕೈ ಎಲ್ಲಿರುತ್ತದೆ ಎಂದು ಜೋಡಿಗೆ ಗೊತ್ತಿರುತ್ತದೆ.

ಬೊಕುತೊವನ್ನೂ ನೋಡಿಕೊಳ್ಳಿ. ಐದು, ಆರನೆಯ ಕತಾದಲ್ಲಿ ಏಣಿನಿಂದ ಏಟನ್ನು ಮೇಲಕ್ಕೆ ಉಜ್ಜಿ ಹಾಯಿಸುವಾಗ ಅಂಚು ಸಿಬಿರು ಏಳುತ್ತದೆ. ಪ್ರತಿ ಸಲ ಶುರು ಮಾಡುವ ಮುಂಚೆ ಬಟ್ಟೆಯಿಂದ ಉದ್ದಕ್ಕೂ ಸವರಿ, ನೂಲು ಸಿಕ್ಕಿಕೊಂಡರೆ ಅಲ್ಲಿ ಸೀಳಿದೆ ಎಂದರ್ಥ. ಬಿಳಿ ಓಕ್ ಗಟ್ಟಿ, ಕೆಂಪು ಓಕ್ ನೋಡಲು ಚೆಂದ ಆದರೆ ನಮ್ಮಲ್ಲಿ ಬೇಗ ಒಡೆದಿದೆ. ಕೊಳ್ಳುವುದಾದರೆ ಮಿಯಾಜಾಕಿ ಪ್ರಾಂತದ ಮಿಯಾಕೊನೊಜೊದಲ್ಲಿ ಮಾಡಿದ್ದನ್ನು ಕೇಳಿ, ಜಪಾನಿನ ಮರದ ಕತ್ತಿಗಳಲ್ಲಿ ಹೆಚ್ಚಿನವು ಆ ಊರಿನವೇ.

ಹಳೇ_ಹಕಮಾ ಬರೆದದ್ದು:

ಕೊತೆ ಅವರೇ, ಇದನ್ನು ಹೇಳಿದ್ದಕ್ಕೆ ಧನ್ಯವಾದ. ಹೊಸಬರು ಇದನ್ನು ಮೊದಲು ಓದಲಿ.

ಹಾಸನದವರಿಗೆ ಇನ್ನೊಂದು ಅಭ್ಯಾಸ ಹೇಳುತ್ತೇನೆ, ನನಗೆ ದಾರಿ ತೋರಿದ್ದು ಇದೇ. ಉಚಿದಾಚಿಗೆ ಕಡಿಯದೆ ಇರುವ ಅಧಿಕಾರ ಕೊಡಿ. ಮೂರು ಹೆಜ್ಜೆ ಬಂದು ಅವರು ಕತ್ತಿ ಎತ್ತಿಯೇ ನಿಲ್ಲಲಿ. ಒಂದು ಉಸಿರೋ, ನಾಲ್ಕು ಉಸಿರೋ, ಅವರಿಷ್ಟ. ನೀವು ಮುಂಚೆ ಸರಿದರೆ ಅವರು ಕಡಿಯುವುದಿಲ್ಲ, ಸುಮ್ಮನೆ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಆಗ ನಿಮ್ಮ ಸ್ಥಿತಿ ನೋಡಿ: ತೂಕ ಹಿಮ್ಮಡಿಯ ಮೇಲೆ, ಕತ್ತಿ ಹಿಂದೆ, ಎದುರಿಗೆ ಇನ್ನೂ ಕಡಿಯದ ಕತ್ತಿ. ಬೇಗ ಸರಿಯುವುದು ಎಂಥ ಅಪಾಯ ಎಂದು ಅವತ್ತು ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಹಾಸನ_ನಗೋಯಾ ಬರೆದದ್ದು:

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಬರೆದುಕೊಂಡು ಮೇಷ್ಟ್ರಿಗೆ ಜಪಾನಿ ಭಾಷೆಯಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿ 'ನಿಮ್ಮ ಭಾಷೆಯಲ್ಲಿ ಇದನ್ನು ಮಾತಾಡುವವರು ಇಷ್ಟು ಮಂದಿ ಇದ್ದಾರೆಯೇ' ಎಂದು ಬಹಳ ಸಂತೋಷಪಟ್ಟರು.

ಮೊದಲ ಪರೀಕ್ಷೆಯಲ್ಲೇ ಹಕಮಾ ಸರ್ ಹೇಳಿದ್ದು ನಿಜವಾಯಿತು. ಕತ್ತಿ ನನ್ನ ಹಣೆಯ ಮುಂದೆ ನಾಲ್ಕು ಬೆರಳು ದೂರ ನಿಂತಿತ್ತು. ಮೇಷ್ಟ್ರು ತುಂಬ ಹೊತ್ತು ಅದನ್ನೇ ನೋಡಿದರು. ಆಮೇಲೆ ನನಗೆ ತಲೆಬಾಗಿ ಕ್ಷಮೆ ಕೇಳಿದರು. ಅರವತ್ತೆಂಟು ವರ್ಷದವರು, ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. 'ನಿನಗೆ ಪೆಟ್ಟಾದೀತು ಎಂದು ಎರಡು ವರ್ಷದಿಂದ ದೂರ ನಿಂತು ಕಡಿಯುತ್ತಿದ್ದೆ, ನಿನ್ನ ಕಲಿಕೆಯನ್ನು ನಾನೇ ತಡೆದೆ' ಎಂದರು.

ಕಡಿಯದೆ ನಿಲ್ಲುವ ಅಭ್ಯಾಸದಲ್ಲಿ ಮೊದಲ ದಿನ ಹತ್ತಕ್ಕೆ ಏಳು ಸಲ ಮುಂಚೆಯೇ ಹೊರಟೆ. ಅವರು ಮುಂದೆ ಬಂದು ನಿಂತಾಗ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಎರಡನೇ ವಾರ ಕೈ ನೋಡುವುದನ್ನು ಬಿಟ್ಟೆ. ಮೂರನೇ ವಾರ ಒಂದೇ ಒಂದು ಸಲ, ಯಾವಾಗ ಸರಿದೆ ಎಂದು ನನಗೇ ತಿಳಿಯದ ಹಾಗೆ ಸರಿದಿದ್ದೆ. ಅವರ ಕತ್ತಿಯ ಗಾಳಿ ಮೂಗಿಗೆ ತಾಗಿತು, ನನ್ನ ಕತ್ತಿ ಅವರ ನೆತ್ತಿಯ ಮೇಲಿತ್ತು. ಸೆನ್ಸೇ ಏನೂ ಹೇಳಲಿಲ್ಲ, ಮತ್ತೊಂದು ಜೋಡಿಯ ಕಡೆ ಹೋದರು. ಆಮೇಲೆ ಹಾಗೆ ಬರಲಿಲ್ಲ, ಆದರೆ ಏನನ್ನು ಹುಡುಕಬೇಕೆಂದು ಈಗ ಗೊತ್ತು.

ಜಯನಗರ_ಜೂಡೊ ಬರೆದದ್ದು:

ಮೇಷ್ಟ್ರು ತಲೆಬಾಗಿದ್ದನ್ನು ಎರಡು ಸಲ ಓದಿದೆ. ನಮ್ಮಲ್ಲಿ ನಾಗೆ ನೊ ಕತಾ ಇದೆ, ಎತ್ತಿ ಹಾಕುವ ಹದಿನೈದು ಪಟ್ಟು. ಬೀಳುವವನು ಮುಂಚೆಯೇ ಜಿಗಿದು ಬಿದ್ದುಬಿಡುತ್ತಾನೆ, ಹಾಕುವವನಿಗೆ ತಾನು ಹಾಕಿದೆ ಎಂಬ ಭ್ರಮೆ. ನಾನೇ ಎಷ್ಟೋ ವರ್ಷ ಹಾಗೆ ಬಿದ್ದಿದ್ದೇನೆ. ಭಾನುವಾರ ನನ್ನ ಜೋಡಿಗೆ, ನೀನು ನಿಜವಾಗಿ ಎಳೆಯುವವರೆಗೆ ಬೀಳುವುದಿಲ್ಲ ಎಂದು ಹೇಳಿ ಶುರು ಮಾಡುತ್ತೇನೆ.

ತುಂಗಾತೀರ ಬರೆದದ್ದು:

ಹಾಸನದವರೇ, ಇನ್ನೊಂದು ಕೇಳಿಕೊಳ್ಳಿ. ಪರೀಕ್ಷೆಗೆ ನೀವು ಶಿದಾಚಿ ಆಗಿರಬಹುದು, ಉಚಿದಾಚಿಯನ್ನೂ ಈಗಲೇ ಮಾಡಿ. ಪರೀಕ್ಷೆಯ ದಿನ ಯಾವ ಪಾತ್ರ ಬರುತ್ತದೆಂದು ಹೇಳಲಾಗದು. ನನಗೆ ನಿದಾನ್‌ನಲ್ಲಿ ಉಚಿದಾಚಿ ಬಂದಿತ್ತು.

ಹಾಸನ_ನಗೋಯಾ ಬರೆದದ್ದು:

ತುಂಗಾ ಮೇಡಂ, ನಿನ್ನೆ ಸಂಜೆ ಕೇಳಿದೆ, ಮೇಷ್ಟ್ರು ಕೂಡಲೇ ಒಪ್ಪಿದರು. ಈಗ ನಾನು ಕಡಿಯಬೇಕು, ಅವರು ಸರಿಯಬೇಕು. ಎಡಗಾಲು ಮುಂದೆ, ಕತ್ತಿ ಮೇಲೆ, ಮೂರು ಹೆಜ್ಜೆ. ಅವರ ಬಿಳಿ ತಲೆ ಕಾಣುತ್ತಿತ್ತು. 'ಯಾ' ಎಂದು ಕಡಿದೆ.

ಅವರು ಕದಲಲೇ ಇಲ್ಲ. ನನ್ನ ಕತ್ತಿ ಅವರ ಕಿವಿಯ ಪಕ್ಕಕ್ಕೆ ಒಂದು ಮೊಳ ಅತ್ತ ಇಳಿದಿತ್ತು. ನನ್ನ ಕೈ ನನಗೇ ತಿಳಿಯದೆ ಓರೆಯಾಗಿತ್ತು. ಅವರು ಕತ್ತಿ ಎತ್ತಿ ಹಿಡಿದಲ್ಲಿಂದಲೇ ಮೆಲ್ಲಗೆ ಹೇಳಿದರು: 'ಇದು ನನಗೆ ಬಂದ ಏಟಲ್ಲ. ನಾನೇಕೆ ಸರಿಯಲಿ?'

ಮತ್ತೆ ಹಿಂದೆ ಹೋದೆವು, ಐದು ಹೆಜ್ಜೆ. ಎರಡನೆಯದೂ ಓರೆ. ಮೂರನೆಯದೂ ಓರೆ. ಅಷ್ಟರಲ್ಲಿ ಬೆವರಿನಿಂದ ಹಿಡಿ ಜಾರುತ್ತಿತ್ತು, ಉಟ್ಟ ಹಕಮಾಕ್ಕೆ ಕೈ ಒರೆಸಿಕೊಂಡೆ. ಆರನೆಯ ಸಲ ನೇರ ಇಳಿಯಿತು. ಇಳಿಯುವಾಗಲೇ ಅಯ್ಯೋ ಎನಿಸಿತು. ಎದುರಿಗೆ ತಲೆ ಇರಲಿಲ್ಲ. 'ತೊ' ಎಂಬುದು ಕೇಳಿಸಿತು, ತಲೆಯೆತ್ತಿದಾಗ ಅವರ ಕತ್ತಿಯ ತುದಿ ನನ್ನ ಎರಡು ಕಣ್ಣಿನ ನಡುವೆ ಇತ್ತು. ಒಂದು ಹೆಜ್ಜೆ ಹಿಂದೆ ಇಟ್ಟೆ, ಮತ್ತೊಂದು ಇಟ್ಟೆ. ಅವರು ಎಡಗಾಲು ಮುಂದಿಟ್ಟು ಕತ್ತಿಯನ್ನು ಮತ್ತೆ ತಲೆಯ ಮೇಲೆತ್ತಿದರು, ಕಣ್ಣು ಮಾತ್ರ ನನ್ನ ಮೇಲೇ ಇತ್ತು.

ಗುರುವಾರ ಮತ್ತೆ ಹೋಗುತ್ತೇನೆ. ಎರಡನೆಯ ಕತಾ, ಉಚಿದಾಚಿ ನಾನೇ. ಕೊತೆ ಅವರೇ, ಸೊಂಟ ನೆಟ್ಟಗೆ ಎಂಬ ಮಾತು ನೆನಪಿನಲ್ಲಿದೆ.